ಯಾರಿಗೆ ಬಂತು, ಅವರಿಗೇ ಏಕೆ ಬಂತು?

1950ರ ದಶಕದಲ್ಲಿ ಪಪುವಾ ನ್ಯೂಗಿನಿಯ ಪೂರ್ವದ ಬೆಟ್ಟಸೀಮೆಯ ಫೋರೆ ಜನರನ್ನು ‘ಕುರು’ ಎಂಬ ಕಾಯಿಲೆ ಕಾಡುತ್ತಿತ್ತು. ಮೊದಲು ನಡಿಗೆ ತಪ್ಪುತ್ತಿತ್ತು, ಆಮೇಲೆ ಮೈ ನಡುಕ, ಕೊನೆಗೆ ನುಂಗಲೂ ಆಗದೆ ಸಾವು. ಸಾಯುತ್ತಿದ್ದವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು. ಒಂದೇ ಮನೆತನದವರನ್ನು ಹಿಡಿಯುತ್ತಿದ್ದುದರಿಂದ ಇದು ವಂಶವಾಹಿಯ ದೋಷವಿರಬೇಕು ಎಂಬ ಊಹೆ ಬಲವಾಗಿತ್ತು.

1960ರ ದಶಕದ ಆರಂಭದಲ್ಲಿ ಶರ್ಲಿ ಲಿಂಡೆನ್‌ಬಾಮ್ ಮತ್ತು ರಾಬರ್ಟ್ ಗ್ಲಾಸ್ ಎಂಬ ಮಾನವಶಾಸ್ತ್ರಜ್ಞರು ಫೋರೆಗಳ ನಡುವೆ ಹೋಗಿ ನೆಲೆಸಿದರು. ಯಾರು ಯಾರಿಗೆ ಏನಾಗಬೇಕು, ಮೊದಲ ಸಾವು ಯಾವ ಊರಿನಲ್ಲಾಯಿತು ಎಂದು ಹಿರಿಯರನ್ನು ಕೇಳುತ್ತಾ ಹೋದರು. ಫೋರೆಗಳು ನಂಟರೆಂದು ಕರೆಯುವ ಎಷ್ಟೋ ಮಂದಿ ರಕ್ತಸಂಬಂಧಿಗಳೇ ಆಗಿರಲಿಲ್ಲ. ಕುರು ತಮ್ಮ ಸೀಮೆಗೆ ಕಾಲಿಟ್ಟದ್ದು ಹಿರಿಯರಿಗೆ ಇನ್ನೂ ನೆನಪಿತ್ತು. ವಂಶವಾಹಿಯ ದೋಷವೊಂದು ಅಷ್ಟು ಬೇಗ ಅಷ್ಟು ಜನರಿಗೆ ಹಬ್ಬುವುದು ಸಾಧ್ಯವಿಲ್ಲ. ಸತ್ತ ಬಂಧುವಿನ ದೇಹವನ್ನು ತಿನ್ನುವುದು ಅಲ್ಲಿನ ಶವಸಂಸ್ಕಾರದ ಭಾಗವಾಗಿತ್ತು. ಅದರಲ್ಲಿ ಪಾಲ್ಗೊಳ್ಳುತ್ತಿದ್ದವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು. ಕುರುವಿಗೆ ಬಲಿಯಾಗುತ್ತಿದ್ದವರೂ ಅವರೇ. ರೋಗ ಅಂಟುವಂಥದ್ದು ಎಂಬುದನ್ನು ಚಿಂಪಾಂಜಿಗಳ ಮೇಲಿನ ಪ್ರಯೋಗ ಆಮೇಲೆ ತೋರಿಸಿಕೊಟ್ಟಿತು. ಆ ಕೆಲಸಕ್ಕಾಗಿ ಕಾರ್ಲ್‌ಟನ್ ಗಜ್ಡುಸೆಕ್ ಅವರಿಗೆ 1976ರಲ್ಲಿ ನೊಬೆಲ್ ಬಂತು. ವಂಶಾವಳಿ ಬರೆದಿಟ್ಟ ಆ ಟಿಪ್ಪಣಿಗಳಿಗೂ ಅಷ್ಟೇ ಗೌರವ ಸಲ್ಲಬೇಕಿತ್ತು ಎಂದು ನನಗನ್ನಿಸುತ್ತದೆ. ಆ ಆಚರಣೆಯನ್ನು ಅನಾಗರಿಕವೆಂದು ತಳ್ಳಿಹಾಕಿ, ಅದರೊಳಗಿನ ಶೋಕವನ್ನು ಕಾಣದೆ ಹೋಗಿದ್ದರೆ ಜನ ಇಷ್ಟನ್ನೆಲ್ಲ ಬಿಚ್ಚಿ ಹೇಳುತ್ತಲೇ ಇರಲಿಲ್ಲ.

ವಿಶ್ವವಿದ್ಯಾಲಯಗಳಲ್ಲಿ ವೈದ್ಯಕೀಯ ಮಾನವಶಾಸ್ತ್ರ, ಆರೋಗ್ಯದ ಸಮಾಜಶಾಸ್ತ್ರ ಎಂಬ ಹೆಸರುಗಳಲ್ಲಿ ಕಲಿಸುವುದು ಈ ಬಗೆಯ ವಿಚಾರಣೆಯನ್ನೇ. ವಿದ್ಯಾರ್ಥಿ ವಾರ್ಡಿನಲ್ಲಿ ತಿಂಗಳುಗಟ್ಟಲೆ ಕುಳಿತು ನೋಡುತ್ತಾನೆ, ದೀರ್ಘ ಸಂದರ್ಶನ ಮಾಡುತ್ತಾನೆ, ಜೊತೆಗೆ ಅಂಕಿಅಂಶವನ್ನೂ ಕಲಿಯುತ್ತಾನೆ.

ಅಂಕಿಅಂಶ ಏಕೆ ಬೇಕೆಂಬುದಕ್ಕೆ ಬ್ರಿಟನ್ನಿನ ವೈಟ್‌ಹಾಲ್ ಅಧ್ಯಯನ ನೋಡಬೇಕು. 1967ರಲ್ಲಿ ಶುರುವಾದ ಇದು ಸುಮಾರು 18,000 ಸರ್ಕಾರಿ ನೌಕರರ ಆರೋಗ್ಯವನ್ನು ಗಮನಿಸಿತು. ಎಲ್ಲರೂ ಗಂಡಸರು, ಎಲ್ಲರಿಗೂ ಸಂಬಳವಿತ್ತು, ಉಚಿತ ಚಿಕಿತ್ಸೆಯೂ ಇತ್ತು. ಹಾಗಿದ್ದೂ ಅತಿ ಕೆಳದರ್ಜೆಯವರ ಸಾವಿನ ಪ್ರಮಾಣ ಅತಿ ಮೇಲ್ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು. ನಡುವಿನ ದರ್ಜೆಗಳಲ್ಲೂ ಒಂದೊಂದು ಮೆಟ್ಟಿಲು ಇಳಿದಂತೆ ಸಾವು ಹೆಚ್ಚು. ಧೂಮಪಾನ, ರಕ್ತದೊತ್ತಡಗಳನ್ನು ಲೆಕ್ಕಕ್ಕೆ ಹಿಡಿದರೂ ಅಂತರ ಪೂರ್ತಿ ಅಳಿಯಲಿಲ್ಲ. ಬಡತನದಿಂದ ಕಾಯಿಲೆ ಎಂದಷ್ಟೇ ಹೇಳಿ ಮುಗಿಸುವ ಹಾಗಿಲ್ಲ ಎಂಬುದು ಇಲ್ಲಿಂದ ಸ್ಪಷ್ಟವಾಯಿತು. ಹುದ್ದೆಯ ಸ್ಥಾನ, ಮಾಡುವ ಕೆಲಸದ ಮೇಲೆ ತನಗಿರುವ ಹಿಡಿತ ಇವುಗಳಿಗೂ ಹೃದಯಕ್ಕೂ ಏನು ಸಂಬಂಧ ಎಂದು ಮುಂದಿನ ಸಂಶೋಧಕರು ಹುಡುಕತೊಡಗಿದರು.

ರೋಗಿಯ ಎದುರು ಕುಳಿತಾಗ ಬೇರೊಂದು ಬಗೆಯ ಜ್ಞಾನ ಬೇಕಾಗುತ್ತದೆ. ಮನೋವೈದ್ಯರೂ ಮಾನವಶಾಸ್ತ್ರಜ್ಞರೂ ಆದ ಆರ್ಥರ್ ಕ್ಲೈನ್‌ಮನ್ ರೋಗಿಯನ್ನು ಕೇಳಬೇಕಾದ ಕೆಲವು ಪ್ರಶ್ನೆಗಳನ್ನು ಮುಂದಿಟ್ಟರು: ಇದು ಏಕೆ ಬಂತೆಂದು ನಿಮಗನ್ನಿಸುತ್ತದೆ? ಇದರಲ್ಲಿ ನಿಮ್ಮನ್ನು ಹೆಚ್ಚು ಹೆದರಿಸುತ್ತಿರುವುದು ಯಾವುದು? ಕೇಳಲು ಐದು ನಿಮಿಷ ಸಾಕು. ಮಾತ್ರೆಯನ್ನು ರೋಗಿ ಏಕೆ ನುಂಗುತ್ತಿಲ್ಲ ಎಂಬುದರ ಕಾರಣ ಎಷ್ಟೋ ಸಲ ಆ ಉತ್ತರದಲ್ಲೇ ಇರುತ್ತದೆ.

ಇನ್ನು ಆರೈಕೆ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಭಾಗ ಇದು. ಜಗತ್ತಿನಲ್ಲಿ ಸಂಬಳವಿಲ್ಲದೆ ನಡೆಯುವ ಆರೈಕೆಯ ಒಟ್ಟು ಹೊತ್ತಿನಲ್ಲಿ ಮುಕ್ಕಾಲಕ್ಕೂ ಹೆಚ್ಚು ಪಾಲು ಹೆಂಗಸರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿ ಲೆಕ್ಕ ಹಾಕಿತು. ಆಸ್ಪತ್ರೆ ಬೇಗ ಮನೆಗೆ ಕಳಿಸಿದ ರೋಗಿಯ ಗಾಯ ತೊಳೆಯುವವರು, ಮರೆವಿನ ಕಾಯಿಲೆಯ ಮುದುಕರನ್ನು ರಾತ್ರಿ ಎದ್ದು ನೋಡುವವರು ಆಸ್ಪತ್ರೆಯ ಯಾವ ದಾಖಲೆಯಲ್ಲೂ ಬರುವುದಿಲ್ಲ. ಅವರು ಎಷ್ಟು ನಿದ್ದೆಗೆಟ್ಟರು, ಯಾವ ಕೆಲಸ ಬಿಟ್ಟರು ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳದೆ, ಒಂದು ಚಿಕಿತ್ಸೆಗೆ ನಿಜವಾಗಿ ತಗಲುವ ವೆಚ್ಚ ಎಷ್ಟೆಂದು ಯಾವ ಆರೋಗ್ಯ ಇಲಾಖೆಯೂ ಹೇಳಲಾರದು.