ನಾಣ್ಯಪೆಟ್ಟಿಗೆಯ ಭಾಷೆಗೆ ವ್ಯಾಕರಣ ಬರೆದವರು ಯಾರು?

ವೆಂಡಿಂಗ್ ಯಂತ್ರದೊಳಗಿನ ಬಿಡಿಭಾಗಗಳು ಪರಸ್ಪರ ಆಡುವ ಮಾತಿಗೆ ಅಧಿಕೃತ ದಾಖಲೆ ಹುಡುಕುವವರು ಮೊದಲು ಐಎಸ್‌ಒದಂಥ ಅಂತರರಾಷ್ಟ್ರೀಯ ಮಾನಕ ಸಂಸ್ಥೆಗಳ ಬಾಗಿಲು ತಟ್ಟುತ್ತಾರೆ. ಅದು ತಪ್ಪು ವಿಳಾಸ. ದಾಖಲೆ ಇರುವುದು ವೆಂಡಿಂಗ್ ಉದ್ಯಮದ ಸಂಘಗಳ ಬಳಿ. ಅಲ್ಲಿಗೇಕೆ ಹೋಯಿತು ಎಂಬುದಕ್ಕೆ ನಲವತ್ತು ವರ್ಷ ಹಿಂದಕ್ಕೆ ಸರಿಯಬೇಕು.

ಆಗ ನಾಣ್ಯ ಘಟಕ ತಯಾರಿಸುವ ಒಬ್ಬೊಬ್ಬರದೂ ಒಂದೊಂದು ಬಗೆಯ ವೈರಿಂಗ್. ನೋಟು ಸ್ವೀಕರಿಸುವ ಘಟಕವಂತೂ ನೋಟಿನ ಬೆಲೆಗೆ ತಕ್ಕಷ್ಟು ವಿದ್ಯುತ್ ಮಿಡಿತ ಕಳುಹಿಸಿ ಸುಮ್ಮನಾಗುತ್ತಿತ್ತು. ಎಣಿಸುವ ಪಾಡು ಯಂತ್ರದ ಮಿದುಳಾದ ನಿಯಂತ್ರಕ ಬೋರ್ಡಿನದು. ಒಂದು ಘಟಕ ಕೆಟ್ಟು ಬೇರೆ ತಯಾರಕರದನ್ನು ಹಾಕಲು ಹೋದರೆ ಕೇಬಲ್ ಕೂರುತ್ತಿರಲಿಲ್ಲ. ಸಾವಿರಾರು ಯಂತ್ರ ನಡೆಸುವವರಿಗೆ ಇದು ನಿತ್ಯದ ತಲೆನೋವು.

1987ರಲ್ಲಿ ಅಮೆರಿಕದ ಕಾಯಿನ್‌ಕೋ ಕಂಪನಿ ಕೋಕಾ-ಕೋಲಾಕ್ಕಾಗಿ ಮಲ್ಟಿ-ಡ್ರಾಪ್ ಬಸ್, ಅಂದರೆ ಎಂಡಿಬಿಯನ್ನು ರೂಪಿಸಿತು. ಒಂದೇ ಕೇಬಲ್ಲಿಗೆ ಹಲವು ಘಟಕಗಳನ್ನು ತಗುಲಿಸುವ ವ್ಯವಸ್ಥೆ ಅದು. ಅಮೆರಿಕದ ವೆಂಡಿಂಗ್ ಉದ್ಯಮದ ಸಂಘವಾದ ನಾಮಾ 1993ರಲ್ಲಿ ಅದನ್ನು ಮಾನಕವೆಂದು ಒಪ್ಪಿಕೊಂಡಿತು, ಮರುವರ್ಷ ಯುರೋಪಿನ ವೆಂಡಿಂಗ್ ಉದ್ಯಮ ಕೂಡ. ‘ಎಂಡಿಬಿ/ಐಸಿಪಿ’ ಎಂಬ ಜೋಡಿಹೆಸರು (ಐಸಿಪಿ ಎಂದರೆ ಇಂಟರ್ನಲ್ ಕಮ್ಯುನಿಕೇಷನ್ ಪ್ರೋಟೊಕಾಲ್) ಕಂಡು ಎರಡು ದಾಖಲೆ ಹುಡುಕಬೇಡಿ, ಕೂಸು ಒಂದೇ. 2011ರ 4.2ನೇ ಆವೃತ್ತಿಯ ಪ್ರತಿಗಳು ಇನ್ನೂ ಎಲ್ಲೆಡೆ ಓಡಾಡುತ್ತಿವೆ. ನಾಮಾ 2019ರಲ್ಲಿ 4.3ನ್ನು ಪ್ರಕಟಿಸಿದೆ, ಅದನ್ನೇ ಓದಿ.

ಓದಿದರೆ ಅದರ ಸರಳತೆ ಕಂಡು ಖುಷಿಯಾಗುತ್ತದೆ. ವೇಗ ಸೆಕೆಂಡಿಗೆ 9600 ಬಿಟ್. ನಿಯಂತ್ರಕ ಒಬ್ಬನೇ ಯಜಮಾನ. ಅವನು ಕೇಳದೆ ಯಾರೂ ಬಾಯಿ ತೆರೆಯುವಂತಿಲ್ಲ. ಹೆಕ್ಸ್, ಅಂದರೆ ಹದಿನಾರರ ಆಧಾರದ ಲೆಕ್ಕದಲ್ಲಿ ನಾಣ್ಯ ಘಟಕದ ವಿಳಾಸ 08, ಕಾರ್ಡ್ ಘಟಕದ್ದು 10, ನೋಟು ಘಟಕದ್ದು 30. ನಿಯಂತ್ರಕ 0ಬಿ ಎಂದು ಕಳುಹಿಸಿದರೆ ‘ನಾಣ್ಯದವನೇ, ಏನಾದರೂ ಸುದ್ದಿ ಇದೆಯೇ?’ ಎಂದರ್ಥ. ಇಲ್ಲದಿದ್ದರೆ 5 ಮಿಲಿಸೆಕೆಂಡಿನೊಳಗೆ 00 ಎಂಬ ಉತ್ತರ. ದಿನವಿಡೀ ಇದೇ ಪ್ರಶ್ನೆ, ಹೆಚ್ಚುಕಡಿಮೆ ಇದೇ ಉತ್ತರ.

ಕೈ ಕಚ್ಚುವುದು ಒಂಬತ್ತನೆಯ ಬಿಟ್. ಊರಿಗೆಲ್ಲ ಎಂಟು ಬಿಟ್‌ಗಳ ದಾರಿಯಾದರೆ ಎಂಡಿಬಿಗೆ ಒಂಬತ್ತು. ಬಂದದ್ದು ವಿಳಾಸವೋ ಬರಿಯ ದತ್ತಾಂಶವೋ ಎಂದು ಘಟಕಗಳಿಗೆ ತಿಳಿಸುವುದು ಆ ಹೆಚ್ಚುವರಿ ಬಿಟ್. ಸಾಮಾನ್ಯ ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಅದು ನೇರವಾಗಿ ಗೊತ್ತಿಲ್ಲ. ಹಾಗಾಗಿ ಪ್ರಯೋಗ ಮಾಡುವವರು ತಪ್ಪು ಪತ್ತೆಗೆಂದು ಇರುವ ಪ್ಯಾರಿಟಿ ಬಿಟ್ಟನ್ನೇ ಒಂಬತ್ತನೆಯದೆಂದು ವೇಷ ಹಾಕಿಸುತ್ತಾರೆ. ಮೊದಲ ಯತ್ನದಲ್ಲಿ ಘಟಕಗಳು ಮೌನವಾಗಿದ್ದರೆ ಅನುಮಾನಿಸಬೇಕಾದದ್ದು ಮೊದಲು ಇದನ್ನೇ.

ಯುರೋಪಿನಲ್ಲಿ ಎಕ್ಸಿಕ್ಯೂಟಿವ್ ಎಂಬ ಬೇರೊಂದು ಪ್ರೋಟೊಕಾಲ್, ಅಂದರೆ ಮಾತಿನ ನಿಯಮಾವಳಿ, ಬೇರೂರಿತ್ತು. ಬ್ರಿಟನ್ನಿನ ಕಾಯಿನ್ ಕಂಟ್ರೋಲ್ಸ್ ಕಂಪನಿ ಹುಟ್ಟುಹಾಕಿದ ಸಿಸಿಟಾಕ್ ಎಂಬ ಇನ್ನೊಂದು ಪ್ರೋಟೊಕಾಲ್ ಹೆಚ್ಚಾಗಿ ಆಟದ ಯಂತ್ರಗಳ ಕಡೆ ಹೋಯಿತು. ಮಾರಾಟದ ಲೆಕ್ಕವನ್ನು ಯಂತ್ರದಿಂದ ಹೊರತೆಗೆಯುವುದು ಬೇರೆಯೇ ವಿಷಯ. ಅದಕ್ಕೆ ಇವಿಎ-ಡಿಟಿಎಸ್, ಅಂದರೆ ಯುರೋಪಿನ ವೆಂಡಿಂಗ್ ಸಂಘದ ದತ್ತಾಂಶ ವರ್ಗಾವಣೆ ಮಾನಕವನ್ನು ನೋಡಬೇಕು. ಡೆಕ್ಸ್ ಎಂದು ತಂತ್ರಜ್ಞರು ಕರೆಯುವುದು ಅದರೊಳಗಿನ ಒಂದು ಸಾಗಣೆ ವಿಧಾನ. ಡೆಕ್ಸ್‌ನ ಮೂಲ ವೆಂಡಿಂಗ್ ಅಲ್ಲವೇ ಅಲ್ಲ, ದಿನಸಿ ಅಂಗಡಿಗಳಿಗೆ ಸರಕು ಇಳಿಸುವವರ ಲೆಕ್ಕಪತ್ರ.

ಇನ್ನು ಸರಕು ತಳ್ಳುವ ಸುರುಳಿ ಮೋಟಾರುಗಳು, ಗುಂಡಿಗಳು, ಶೀತಕ? ಇವನ್ನು ಬೋರ್ಡಿಗೆ ಜೋಡಿಸುವ ಬಗೆ ಈ ದಾಖಲೆಗಳಲ್ಲಿ ಇಲ್ಲ. ಬೇರೆ ಬೇರೆ ಕಂಪನಿಗಳ ನಡುವೆ ಅದಲುಬದಲಾಗುತ್ತಿದ್ದದ್ದು ಹಣ ಮುಟ್ಟುವ ಘಟಕಗಳು. ಒಪ್ಪಂದ ಬೇಕಾದದ್ದೂ ಅಲ್ಲಿಗೇ. ಉಳಿದದ್ದು ಆಯಾ ತಯಾರಕರ ಮನೆಮಾತು, ಅದನ್ನು ಅವರ ಸರ್ವೀಸ್ ಕೈಪಿಡಿಯಲ್ಲೇ ಹುಡುಕಬೇಕು. ಎಂಡಿಬಿಯಲ್ಲಿ ನಿಯಂತ್ರಕವು ಕಾರ್ಡ್ ಘಟಕಕ್ಕೆ 13 02 ಎಂದರೆ ಸರಕು ಬಿತ್ತು, 13 03 ಎಂದರೆ ಬೀಳಲಿಲ್ಲ. ಬಿತ್ತೋ ಇಲ್ಲವೋ ಎಂಬುದನ್ನು ನಿಯಂತ್ರಕ ಹೇಗೆ ಕಂಡುಕೊಳ್ಳಬೇಕು, ಬೆಳಕಿನ ಸೆನ್ಸರಿನಿಂದಲೋ ಮೋಟಾರಿನ ಸುತ್ತು ಎಣಿಸಿಯೋ, ಅದನ್ನು ಯಂತ್ರ ಕಟ್ಟಿದವರಿಗೇ ಬಿಡಲಾಗಿದೆ.