ನೋವಿನ ಮಾತ್ರೆ ಬಿಡೋಕೆ ಮನಸ್ಸು ಗಟ್ಟಿ ಮಾಡಿದರೆ ಸಾಕಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಒಬ್ಬರಿಗೆ ನೋವು ಶುರುವಾಗಿದ್ದು ಬೆನ್ನಿನಲ್ಲಿ, ಒಬ್ಬರಿಗೆ ಮಂಡಿಯಲ್ಲಿ, ಇನ್ನೊಬ್ಬರಿಗೆ ಆಪರೇಷನ್ ಆದ ಮೇಲೆ. ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಹೀಗೇ ಇರುತ್ತದೆ: "ಡಾಕ್ಟರೇ ಬರೆದುಕೊಟ್ಟ ನೋವಿನ ಮಾತ್ರೆ. ಈಗ ಅದಿಲ್ಲದೆ ಇರೋಕೆ ಆಗ್ತಿಲ್ಲ. ಮೂರು ಸಲ ಬಿಟ್ಟೆ, ಮೂರು ಸಲವೂ ಮತ್ತೆ ಶುರುವಾಯ್ತು. ಮನಸ್ಸು ಗಟ್ಟಿ ಮಾಡ್ಕೋ ಅಂತ ಮನೆಯವರು ಹೇಳ್ತಾರೆ. ನಾನು ಯಾರ ಹತ್ತಿರ ಹೋಗಲಿ, ಏನಂತ ಹೇಳಲಿ?"

ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಮಾತ್ರೆ ಬರೆದುಕೊಟ್ಟ ಡಾಕ್ಟರ್ ಹತ್ತಿರವೇ ಹೋಗಬಹುದು. ಅವರ ಮುಂದೆ ಬಾಯಿ ಬಿಡೋಕೆ ಸಂಕೋಚ ಆದರೆ ಮನೋವೈದ್ಯರ ಹತ್ತಿರ ಹೋಗಿ, ಚಟದ ಚಿಕಿತ್ಸೆ ಅವರು ಕಲಿತ ಕೆಲಸಗಳಲ್ಲಿ ಒಂದು. ಡಾಕ್ಟರ್ ಇರುವ ವ್ಯಸನಮುಕ್ತಿ ಕೇಂದ್ರವೂ ಆಗಬಹುದು. ಹೇಳಬೇಕಾದ ಮಾತು ಇಷ್ಟೇ: "ಈ ಮಾತ್ರೆ ಬಿಡೋಕೆ ನನ್ನ ಕೈಲಿ ಆಗ್ತಿಲ್ಲ, ಸಹಾಯ ಬೇಕು." ಉಳಿದದ್ದನ್ನು ಅವರೇ ಕೇಳಿ ತಿಳಿದುಕೊಳ್ಳುತ್ತಾರೆ.

ಯಾವ ಮಾತ್ರೆ ಅನ್ನೋದನ್ನೂ ಸ್ಪಷ್ಟ ಮಾಡಿಕೊಳ್ಳೋಣ. ಪ್ಯಾರಸಿಟಮಾಲ್, ಐಬುಪ್ರೊಫೆನ್ ಇವು ಈ ಥರದ ಚಟ ಹಿಡಿಸುವುದಿಲ್ಲ. ನಾನು ಹೇಳುತ್ತಿರುವುದು ಒಪಿಯಾಯ್ಡ್ ಗುಂಪಿನ, ಅಂದರೆ ಅಫೀಮಿನ ಥರ ಕೆಲಸ ಮಾಡುವ ಔಷಧಿಗಳ ಬಗ್ಗೆ: ಟ್ರಮಡಾಲ್, ಟಪೆಂಟಡಾಲ್, ಕೊಡೀನ್, ಮಾರ್ಫಿನ್, ಆಕ್ಸಿಕೊಡೋನ್, ಫೆಂಟನಿಲ್ ಪ್ಯಾಚ್. ಎಷ್ಟೋ ಜನಕ್ಕೆ ತಾವು ತಗೊಳ್ಳುತ್ತಿರುವುದು ಒಪಿಯಾಯ್ಡ್ ಅಂತಲೇ ಗೊತ್ತಿರುವುದಿಲ್ಲ, ಯಾಕೆಂದರೆ ಒಂದೇ ಮಾತ್ರೆಯಲ್ಲಿ ಪ್ಯಾರಸಿಟಮಾಲ್ ಜೊತೆ ಟ್ರಮಡಾಲ್ ಅಥವಾ ಕೊಡೀನ್ ಸೇರಿರುತ್ತದೆ. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಇವತ್ತೇ ಓದಿ ನೋಡಿ.

ಈಗ ಆ "ಮನಸ್ಸು ಗಟ್ಟಿ ಮಾಡ್ಕೋ" ಅನ್ನೋ ಮಾತಿಗೆ ಬರುತ್ತೇನೆ. ಇದರ ಬಗ್ಗೆ ಹೇಳಿ ಹೇಳಿ ನನಗೆ ಸಾಕಾಗಿದೆ, ಆದರೂ ಹೇಳಲೇಬೇಕು, ಯಾಕೆಂದರೆ ಈ ಒಂದು ಮಾತು ಜನರನ್ನು ವರ್ಷಗಟ್ಟಲೆ ಡಾಕ್ಟರ್ ಬಾಗಿಲಿನಿಂದ ದೂರ ಇಡುತ್ತದೆ.

ಮೆದುಳಿನ ಕಾಂಡದಲ್ಲಿ ಲೋಕಸ್ ಸೆರೂಲಿಯಸ್ ಅಂತ ಒಂದು ಪುಟ್ಟ ಜಾಗ ಇದೆ. ನಾರ್‌ಅಡ್ರಿನಲಿನ್ ಅನ್ನೋ ರಾಸಾಯನಿಕದ ಮೂಲಕ ಅದು ದೇಹವನ್ನು ಎಚ್ಚರವಾಗಿ ಇಡುತ್ತದೆ. ಒಪಿಯಾಯ್ಡ್ ಮಾತ್ರೆ ದಿನಾ ಬಂದು ಅದನ್ನು ಅದುಮುತ್ತದೆ. ಅದುಮಿದಷ್ಟೂ ಆ ಜೀವಕೋಶಗಳು ಜೋರಾಗಿ ಕೆಲಸ ಮಾಡೋದನ್ನು ಕಲಿಯುತ್ತವೆ. ಕೆಲವೇ ವಾರಗಳಲ್ಲಿ ಮಾತ್ರೆ ಒಂದು ಕಡೆಯಿಂದ ಒತ್ತುವುದು, ಮೆದುಳು ಇನ್ನೊಂದು ಕಡೆಯಿಂದ ಒತ್ತುವುದು, ಹೀಗೆ ಒಂದು ಸಮತೋಲನ ಏರ್ಪಡುತ್ತದೆ. ಆಗ ನೀವು ಒಂದೇ ಸಲ ಮಾತ್ರೆ ತೆಗೆದುಬಿಟ್ಟರೆ? ಎದುರಿನಿಂದ ಒತ್ತುವವರು ಯಾರೂ ಇಲ್ಲ. ಎದೆ ಡವಡವ, ಬೆವರು, ಚಳಿಗುಳ್ಳೆ, ಕಾರಣವಿಲ್ಲದ ದಿಗಿಲು.

ಮಾತ್ರೆ ಬಿಟ್ಟಾಗ ಬರುವ ಈ ಒದ್ದಾಟಕ್ಕೇ ವಿತ್‌ಡ್ರಾಯಲ್ ಅನ್ನುತ್ತಾರೆ. ಗಮನಿಸಿ ನೋಡಿದರೆ ವಿತ್‌ಡ್ರಾಯಲ್‌ನ ಹೆಚ್ಚಿನ ಲಕ್ಷಣಗಳೆಲ್ಲ ಮಾತ್ರೆ ಮಾಡುತ್ತಿದ್ದ ಕೆಲಸದ ತದ್ವಿರುದ್ಧ. ಮಾತ್ರೆ ಮಲಬದ್ಧತೆ ತರುತ್ತಿತ್ತು, ಬಿಟ್ಟಾಗ ಭೇದಿ. ಮಾತ್ರೆ ಕಣ್ಣಿನ ಪಾಪೆಯನ್ನು ಚುಕ್ಕಿಯಷ್ಟು ಮಾಡುತ್ತಿತ್ತು, ಬಿಟ್ಟಾಗ ಪಾಪೆ ಅಗಲವಾಗುತ್ತದೆ. ಮಾತ್ರೆ ನಿದ್ದೆ ತರಿಸುತ್ತಿತ್ತು, ಬಿಟ್ಟಾಗ ರಾತ್ರಿಯೆಲ್ಲ ಕಣ್ಣು ಮುಚ್ಚುವುದಿಲ್ಲ, ಕಾಲುಗಳು ಸುಮ್ನೆ ಇರುವುದಿಲ್ಲ. ಮಾತ್ರೆ ನೋವು ತಗ್ಗಿಸುತ್ತಿತ್ತು, ಬಿಟ್ಟಾಗ ಹಳೇ ನೋವು ದುಪ್ಪಟ್ಟಾದ ಹಾಗೆ ಅನ್ನಿಸುತ್ತದೆ. ಆಗ "ನೋಡಿ, ನನಗೆ ಇನ್ನೂ ನೋವಿದೆ, ಮಾತ್ರೆ ಬೇಕೇ ಬೇಕು" ಅಂತ ಅನ್ನಿಸೋದು ಸಹಜ ಅಲ್ವಾ? ಬೇಗ ಕೆಲಸ ಮಾಡುವ ಮಾತ್ರೆಗಳಲ್ಲಿ ಇದು 8ರಿಂದ 24 ಗಂಟೆಯೊಳಗೆ ಶುರುವಾಗಿ, ಎರಡು ಮೂರನೇ ದಿನ ತುದಿ ಮುಟ್ಟಿ, ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ನಿದ್ದೆ ಮತ್ತು ಮನಸ್ಸಿನ ಕುಗ್ಗುವಿಕೆ ಸರಿಯಾಗೋಕೆ ಇನ್ನೂ ಎಷ್ಟೋ ವಾರ ಬೇಕು. ಭೇದಿಯನ್ನು ಮನಸ್ಸು ಗಟ್ಟಿ ಮಾಡಿ ನಿಲ್ಲಿಸು ಅಂತ ನಾವು ಯಾರಿಗೂ ಹೇಳುವುದಿಲ್ಲ. ಇದನ್ನು ಯಾಕೆ ಹೇಳುತ್ತೇವೆ?

"ಆದರೂ ಹಲ್ಲುಕಚ್ಚಿ ಹತ್ತು ದಿನ ತಡೆದುಕೊಂಡರೆ ಮುಗೀತಲ್ಲ" ಅನ್ನುವವರು ಇದ್ದಾರೆ. ಮುಗಿಯುವುದಿಲ್ಲ. 2011ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಅದರಲ್ಲಿದ್ದವರೆಲ್ಲ ನಿಮ್ಮ ಹಾಗೆ ನೋವಿನ ಮಾತ್ರೆಯ ಚಟಕ್ಕೆ ಬಿದ್ದವರು, ಒಟ್ಟು 653 ಜನ. ಮೊದಲ ಹಂತದಲ್ಲಿ ಅವರಿಗೆ ಬ್ಯುಪ್ರೆನಾರ್ಫಿನ್ ಅನ್ನೋ, ಒಪಿಯಾಯ್ಡ್ ಚಟಕ್ಕೆ ಕೊಡುವ ಔಷಧಿಯನ್ನು ಕೆಲವೇ ವಾರ ಕೊಟ್ಟು, ಕಡಿಮೆ ಮಾಡುತ್ತಾ ನಿಲ್ಲಿಸಿದರು. ಚಟದಿಂದ ಹೊರಗೆ ಉಳಿದವರು ನೂರಕ್ಕೆ 7 ಜನವೂ ಇಲ್ಲ. ಸೋತವರಲ್ಲಿ ಹೆಚ್ಚಿನವರು ಎರಡನೇ ಹಂತಕ್ಕೆ ಬಂದರು, ಅದೇ ಔಷಧಿಯನ್ನು 12 ವಾರ ಕೊಟ್ಟರು. ಔಷಧಿ ನಡೆಯುತ್ತಿರುವಾಗ ಸುಮಾರು ಅರ್ಧದಷ್ಟು ಜನ ಚೆನ್ನಾಗಿದ್ದರು. ಆಮೇಲೆ ಅದನ್ನೂ ನಿಲ್ಲಿಸಿ ಎಂಟು ವಾರ ಬಿಟ್ಟು ನೋಡಿದರೆ ಮತ್ತೆ ನೂರಕ್ಕೆ 9ರ ಹತ್ತಿರಕ್ಕೆ ಇಳಿದಿತ್ತು. ಇವರೆಲ್ಲ ತಾವೇ ಬಿಡಬೇಕು ಅಂತ ಬಂದವರು. ಅಷ್ಟೂ ಜನಕ್ಕೆ ಮನಸ್ಸು ಗಟ್ಟಿ ಇರಲಿಲ್ಲ ಅಂತ ಹೇಳೋಕಾಗುತ್ತಾ?

ಇದಕ್ಕಿಂತ ಮನಸ್ಸಿಗೆ ತಟ್ಟುವುದು ಸ್ವೀಡನ್‌ನ ಒಂದು ಪುಟ್ಟ ಅಧ್ಯಯನ, 2003ರದ್ದು. ಹೆರಾಯಿನ್ ಚಟವಿದ್ದ 40 ಜನ. ಹೆರಾಯಿನ್ ಕೂಡ ಒಪಿಯಾಯ್ಡೇ. ಅರ್ಧ ಜನಕ್ಕೆ ಒಂದು ವರ್ಷ ದಿನಾ ಬ್ಯುಪ್ರೆನಾರ್ಫಿನ್, ಉಳಿದರ್ಧಕ್ಕೆ ಆರು ದಿನ ಮಾತ್ರ ಕೊಟ್ಟು ಆಮೇಲೆ ಔಷಧಿಯಿಲ್ಲದ ಸುಳ್ಳು ಮಾತ್ರೆ. ಸಮಾಲೋಚನೆ ಇಬ್ಬರಿಗೂ ಒಂದೇ. ವರ್ಷದ ಕೊನೆಗೆ ಮೊದಲ ಗುಂಪಿನ 20ರಲ್ಲಿ 15 ಜನ ಚಿಕಿತ್ಸೆಯಲ್ಲಿ ಉಳಿದಿದ್ದರು. ಎರಡನೇ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ. ಆ 20ರಲ್ಲಿ ನಾಲ್ಕು ಜನ ತೀರಿಕೊಂಡಿದ್ದರು.

ಯಾಕೆ ಸಾವು? ಇದನ್ನು ದಯವಿಟ್ಟು ನಿಧಾನವಾಗಿ ಓದಿ. ದಿನಾ ತಗೊಳ್ಳುವಾಗ ದೇಹ ದೊಡ್ಡ ಡೋಸನ್ನು ತಡೆದುಕೊಳ್ಳೋದನ್ನು ಕಲಿತಿರುತ್ತದೆ. ಬಿಟ್ಟ ಕೆಲವೇ ದಿನಗಳಲ್ಲಿ ಆ ತಡೆದುಕೊಳ್ಳುವ ಶಕ್ತಿ ಇಳಿಯಲು ಶುರುವಾಗುತ್ತದೆ. ಆದರೆ ಮೆದುಳಿಗೆ ನೆನಪಿರುವುದು ಹಳೇ ಲೆಕ್ಕ. ಮೂರು ವಾರ ಬಿಟ್ಟಿದ್ದ ಮನುಷ್ಯ ಒಂದು ಕೆಟ್ಟ ರಾತ್ರಿ ಮತ್ತೆ ಹಳೇ ಎಂಟು ಮಾತ್ರೆ ನುಂಗುತ್ತಾನೆ. ಮುಂಚೆ ಅದು ಅವನಿಗೆ ಮಾಮೂಲು. ಈಗ ಅದೇ ಎಂಟು ಉಸಿರು ನಿಲ್ಲಿಸಬಲ್ಲದು. ಮೂರು ಸಲ ಬಿಟ್ಟು ಮೂರು ಸಲ ಶುರು ಮಾಡಿದೆ ಅಂತ ನೀವು ಬರೆಯುವಾಗ ನನಗೆ ಕಾಣುವುದು ಸೋಲಲ್ಲ, ಮೂರು ಸಲ ತಪ್ಪಿದ ಅಪಾಯ. ನಾಲ್ಕನೇ ಸಲ ಒಬ್ಬರೇ ಬಿಡೋಕೆ ಹೋಗಬೇಡಿ ಅಂತ ಕೇಳಿಕೊಳ್ಳುವುದು ಅದಕ್ಕೇ.

ಕೆಲವರ ವಿಷಯದಲ್ಲಿ ಇನ್ನೂ ಹೆಚ್ಚು ಜಾಗ್ರತೆ ಬೇಕು. ಗರ್ಭಿಣಿಯರು ತಾವಾಗಿಯೇ ಒಂದೇ ಸಲ ನಿಲ್ಲಿಸಲೇಬಾರದು. ನಿದ್ದೆ ಮಾತ್ರೆ ಅಥವಾ ಮದ್ಯ ಕೂಡ ದಿನಾ ಇದ್ದರೆ, ಅವನ್ನು ದಿಢೀರ್ ನಿಲ್ಲಿಸಿದಾಗ ಫಿಟ್ಸ್ ಬರಬಹುದು. ಟ್ರಮಡಾಲ್ ಜಾಸ್ತಿ ಡೋಸ್‌ನಲ್ಲಿ ತಾನೇ ಫಿಟ್ಸ್ ತರಬಲ್ಲದು. ಅದು ಖಿನ್ನತೆಯ ಕೆಲವು ಔಷಧಿಗಳ ಥರವೂ ಮೆದುಳಿನಲ್ಲಿ ಕೆಲಸ ಮಾಡುವುದರಿಂದ, ಬಿಟ್ಟಾಗ ಕೆಲವರಿಗೆ ಮೈಯಲ್ಲಿ ಶಾಕ್ ಹೊಡೆದ ಹಾಗೆ, ಇಲ್ಲದ್ದು ಕಂಡ ಹಾಗೆ ಕೂಡ ಆಗುತ್ತದೆ. ಪ್ಯಾರಸಿಟಮಾಲ್ ಬೆರೆತ ಮಾತ್ರೆಯನ್ನು ದಿನಕ್ಕೆ ಹತ್ತು ಹದಿನೈದು ನುಂಗುವವರಿಗೆ ಚಟಕ್ಕಿಂತ ಮೊದಲು ಲಿವರ್ ಕೆಡಬಹುದು, ದೊಡ್ಡವರಿಗೆ ಪ್ಯಾರಸಿಟಮಾಲ್‌ನ ಮಿತಿ ದಿನಕ್ಕೆ 4 ಗ್ರಾಂ ಮಾತ್ರ.

ಸರಿ, ಡಾಕ್ಟರ್ ಏನು ಮಾಡುತ್ತಾರೆ? ಎರಡು ದಾರಿ ಇದೆ. ಮಾತ್ರೆ ಮೈಗೆ ಒಗ್ಗಿದೆ, ಆದರೆ ಬರೆದುಕೊಟ್ಟ ಲೆಕ್ಕ ಮೀರಿಲ್ಲ ಅನ್ನುವವರಿಗೆ ಡೋಸನ್ನು ನಿಧಾನವಾಗಿ ಇಳಿಸುತ್ತಾರೆ. ಒಂದು ವರ್ಷಕ್ಕಿಂತ ಹೆಚ್ಚು ತಗೊಂಡವರಿಗೆ ತಿಂಗಳಿಗೆ ನೂರಕ್ಕೆ ಹತ್ತರಷ್ಟು ಅಥವಾ ಅದಕ್ಕಿಂತ ನಿಧಾನವಾಗಿ ಇಳಿಸಿದರೆ ತಡೆದುಕೊಳ್ಳೋದು ಸುಲಭ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 2022ರ ಮಾರ್ಗಸೂಚಿ ಹೇಳುತ್ತದೆ. ಲೆಕ್ಕ ಕೈತಪ್ಪಿದೆ, ಬಚ್ಚಿಟ್ಟು ತಗೊಳ್ಳುವಂತಾಗಿದೆ, ಎರಡು ಮೂರು ಕಡೆ ಚೀಟಿ ಬರೆಸುವಂತಾಗಿದೆ, ಹಾಳಾಗ್ತಿದೆ ಅಂತ ಗೊತ್ತಿದ್ದೂ ನಿಲ್ಲಿಸೋಕಾಗ್ತಿಲ್ಲ ಅನ್ನುವವರಿಗೆ ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಅನ್ನೋ ಇನ್ನೊಂದು ಔಷಧಿ ಕೊಡುತ್ತಾರೆ. ಇವೆರಡೂ 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ.

"ಒಂದು ಚಟ ಬಿಟ್ಟು ಇನ್ನೊಂದು ಹಿಡಿದ ಹಾಗಾಯ್ತಲ್ಲ" ಅಂತ ಕೇಳುವವರಿಗೆ: ಇಲ್ಲ. ಬ್ಯುಪ್ರೆನಾರ್ಫಿನ್ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ. ಒಪಿಯಾಯ್ಡ್ ಕೂರುವ ಜಾಗದಲ್ಲೇ ಬಿಗಿಯಾಗಿ ಕೂರುತ್ತದೆ, ಆದರೆ ಅರ್ಧ ಬಲದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಡೋಸ್ ಒಂದು ಮಟ್ಟ ದಾಟಿದ ಮೇಲೆ ಉಸಿರಾಟದ ಮೇಲೆ ಅದರ ಒತ್ತಡ ಹೆಚ್ಚಾಗುತ್ತಾ ಹೋಗುವುದಿಲ್ಲ. ಏರಿಳಿತ ಇಲ್ಲದ್ದರಿಂದ ಮನುಷ್ಯ ಬೆಳಿಗ್ಗೆ ಎದ್ದು ಮಾತ್ರೆಯ ಯೋಚನೆ ಬಿಟ್ಟು ತನ್ನ ಕೆಲಸ ನೋಡಿಕೊಳ್ಳಬಹುದು. ಒಂದು ಎಚ್ಚರಿಕೆ ಇದೆ. ಹಳೇ ಮಾತ್ರೆಯ ಪರಿಣಾಮ ಇನ್ನೂ ಇರುವಾಗಲೇ ಇದನ್ನು ಶುರು ಮಾಡಿದರೆ ವಿತ್‌ಡ್ರಾಯಲ್ ಒಮ್ಮೆಲೇ ಉಕ್ಕಿ ಬರುತ್ತದೆ. ಹಾಗಾಗಿ ಯಾರೋ ಸ್ನೇಹಿತರ ಹತ್ತಿರ ಇಸ್ಕೊಂಡು ಮನೆಯಲ್ಲೇ ಪ್ರಯೋಗ ಮಾಡಬೇಡಿ. ಎಷ್ಟು ದಿನ ಬೇಕು ಅನ್ನೋದು ಮನುಷ್ಯರಿಂದ ಮನುಷ್ಯರಿಗೆ ಬೇರೆ. ಆಗಲೇ ಹೇಳಿದ 653 ಜನರ ಅಧ್ಯಯನದಲ್ಲಿ, ಮೂರೂವರೆ ವರ್ಷದ ನಂತರವೂ ಸಂಪರ್ಕದಲ್ಲಿದ್ದವರ ಪೈಕಿ ನೂರಕ್ಕೆ ಸುಮಾರು 60 ಜನ ಚಟದಿಂದ ಹೊರಗಿದ್ದರು. ಅವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಔಷಧಿಯ ಮೇಲಿದ್ದರು, ಅರ್ಧ ಜನ ಅದಿಲ್ಲದೆಯೂ ಚೆನ್ನಾಗಿದ್ದರು. ಇವರಲ್ಲಿ ಹೆಚ್ಚಿನವರು ಮೊದಲ ಹಂತದಲ್ಲಿ ಸೋತವರೇ ಅನ್ನೋದನ್ನು ನೆನಪಿಡಿ. ಈ ಅಂಕಿ ಹೇಳುವಾಗ ನನಗೆ ಪ್ರತಿ ಸಲವೂ ಸಂತೋಷ ಆಗುತ್ತದೆ.

ಡಾಕ್ಟರ್ ಹತ್ತಿರ ಹೋಗುವಾಗ ಖಾಲಿ ಸ್ಟ್ರಿಪ್‌ಗಳನ್ನೇ ತಗೊಂಡು ಹೋಗಿ. ದಿನಕ್ಕೆ ಎಷ್ಟು ಅಂತ ನಿಜವಾದ ಲೆಕ್ಕ ಹೇಳಿ. ನಾಚಿಕೆಯಿಂದ ಹನ್ನೆರಡನ್ನು ಆರು ಅಂತ ಹೇಳಿದರೆ ಆರಕ್ಕೆ ತಕ್ಕ ಚಿಕಿತ್ಸೆ ಸಿಗುತ್ತದೆ, ಎರಡನೇ ದಿನವೇ ನೀವು ಒದ್ದಾಡುತ್ತೀರಿ. ಒಬ್ಬ ಡಾಕ್ಟರ್ ಬೈದು ಕಳಿಸಿದರೆ ಇನ್ನೊಬ್ಬರ ಹತ್ತಿರ ಹೋಗಿ. ಕೇಂದ್ರಕ್ಕೆ ಸೇರುವುದಾದರೆ ಮೊದಲೇ ಮೂರು ವಿಷಯ ಕೇಳಿ: ಇಲ್ಲಿ ಡಾಕ್ಟರ್ ಇದ್ದಾರಾ, ಚಟಕ್ಕೆ ಔಷಧಿ ಕೊಡುತ್ತೀರಾ, ಮನೆಗೆ ಹೋದ ಮೇಲೆ ಯಾರು ನೋಡಿಕೊಳ್ಳುತ್ತಾರೆ? ಬೀಗ ಹಾಕಿ ಕೂಡಿಹಾಕೋದೇ ಚಿಕಿತ್ಸೆ ಅನ್ನುವ ಜಾಗಕ್ಕೆ ಯಾರನ್ನೂ ಕಳಿಸಬೇಡಿ. ಅಲ್ಲಿಂದ ಹೊರಬಂದವರ ತಡೆದುಕೊಳ್ಳುವ ಶಕ್ತಿ ಇಳಿದಿರುತ್ತದೆ, ಆಸೆ ಹಾಗೇ ಇರುತ್ತದೆ.

ಮನೆಯವರಿಗೆ ಒಂದು ಮಾತು. ಒಪಿಯಾಯ್ಡ್ ಹೆಚ್ಚಾಗಿ ಉಸಿರು ಕುಗ್ಗಿದಾಗ ಅದರ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಅನ್ನೋ ಔಷಧಿ ಸಿಗುವಂತಿದ್ದರೆ ಡಾಕ್ಟರನ್ನು ಕೇಳಿ ಮನೆಯಲ್ಲಿ ಇಟ್ಟುಕೊಳ್ಳಿ, ಮೂಗಿಗೆ ಸಿಂಪಡಿಸುವ ರೂಪದಲ್ಲೂ ಬರುತ್ತದೆ. ಎಬ್ಬಿಸಿದರೂ ಏಳುತ್ತಿಲ್ಲ, ಉಸಿರು ತೀರಾ ನಿಧಾನ, ತುಟಿ ನೀಲಿ ಅಂದರೆ ಮೊದಲು ಆಂಬುಲೆನ್ಸ್‌ಗೆ ಕರೆ ಮಾಡಿ, ನಲಾಕ್ಸೋನ್ ಕೊಡಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಮಲಗಿಸಿ. ಎದ್ದು ಕೂತರೂ ಆಸ್ಪತ್ರೆಗೆ ಹೋಗಲೇಬೇಕು, ಯಾಕೆಂದರೆ ನಲಾಕ್ಸೋನ್ ಪ್ರಭಾವ ಇರುವುದು 30ರಿಂದ 90 ನಿಮಿಷ, ಮಾತ್ರೆಯದ್ದು ಅದಕ್ಕಿಂತ ಜಾಸ್ತಿ ಹೊತ್ತು ಇರಬಹುದು.

ಇನ್ನೊಂದು ವಿಷಯ. ಇದನ್ನು ಯಾರೂ ನೇರವಾಗಿ ಕೇಳುವುದಿಲ್ಲ, ಆದರೆ ಚೇತರಿಸಿಕೊಂಡವರ ಮನಸ್ಸಿನಲ್ಲಿ ಈ ಭಯ ಇದ್ದೇ ಇರುತ್ತದೆ: ಮುಂದೆ ಯಾವತ್ತಾದರೂ ಆಪರೇಷನ್ ಬೇಕಾದರೆ ಏನು ಗತಿ? ಹಲ್ಲುನೋವಿಗೂ ಡಾಕ್ಟರ್ ಹತ್ತಿರ ಹೋಗದೆ ತಡೆದುಕೊಳ್ಳುವವರನ್ನು ನೋಡಿದ್ದೇನೆ, ತುಂಬಾ ಬೇಜಾರಾಗುತ್ತದೆ. ನೋವಿಗೆ ಚಿಕಿತ್ಸೆ ಪಡೆಯುವ ಹಕ್ಕು ನಿಮಗೂ ಎಲ್ಲರಷ್ಟೇ ಇದೆ. ಅರಿವಳಿಕೆ ಕೊಡುವ ಡಾಕ್ಟರ್‌ಗೆ ಮೊದಲೇ ವಿಷಯ ಹೇಳಿ. ಆ ಭಾಗದ ನರವನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್, ಪ್ಯಾರಸಿಟಮಾಲ್, ಐಬುಪ್ರೊಫೆನ್ ಹೀಗೆ ಬೇರೆ ದಾರಿಗಳು ಬೇಕಾದಷ್ಟಿವೆ. ಬ್ಯುಪ್ರೆನಾರ್ಫಿನ್ ಮೇಲಿದ್ದರೆ ಸಾಮಾನ್ಯವಾಗಿ ಅದನ್ನು ನಿಲ್ಲಿಸದೆ, ಅದರ ಜೊತೆಗೇ ನೋವಿನ ಚಿಕಿತ್ಸೆ ಕೊಡುತ್ತಾರೆ. ಒಪಿಯಾಯ್ಡ್ ಬೇಕೇ ಬೇಕಾದರೆ ಕೆಲವೇ ದಿನಕ್ಕೆ ಆಗುವಷ್ಟು ಬರೆಸಿ, ಮನೆಯಲ್ಲಿ ನೀವು ನಂಬುವವರ ಕೈಯಲ್ಲಿ ಕೊಡಿ, ಉಳಿದದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ನಲ್ಟ್ರೆಕ್ಸೋನ್ ತಗೊಳ್ಳುವವರ ವಿಷಯ ಮಾತ್ರ ಬೇರೆ. ಅದು ಒಪಿಯಾಯ್ಡ್ ಕೆಲಸ ಮಾಡದ ಹಾಗೆ ತಡೆಯುವ ಔಷಧಿ. ಮಾತ್ರೆಯಾದರೆ ಆಪರೇಷನ್‌ಗೆ ಎರಡು ಮೂರು ದಿನ ಮೊದಲು ನಿಲ್ಲಿಸಬೇಕಾಗುತ್ತದೆ, ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಆದರೆ ಸುಮಾರು ನಾಲ್ಕು ವಾರ ಮೊದಲೇ ಯೋಚನೆ ಮಾಡಬೇಕು. ಅದೂ ಡಾಕ್ಟರ್ ಹೇಳಿದ ಹಾಗೆ, ನೀವಾಗಿಯೇ ಅಲ್ಲ. ಅಪಘಾತ ಅಂದರೆ ಹೇಳಿಕೇಳಿ ಬರುವುದಿಲ್ಲ. ಹಾಗಾಗಿ "ನಾನು ನಲ್ಟ್ರೆಕ್ಸೋನ್ ಮೇಲಿದ್ದೇನೆ" ಅಂತ ಬರೆದ ಒಂದು ಚೀಟಿ ಸದಾ ಪರ್ಸ್‌ನಲ್ಲಿರಲಿ, ಮನೆಯಲ್ಲಿ ಒಬ್ಬರಿಗಾದರೂ ಅದು ಗೊತ್ತಿರಲಿ.