ಒಂದೇ ಬಿಲ್ಲು, ಎರಡು ಕಚೇರಿ: ಆರೋಗ್ಯ ವಿಮೆಯ ನಿಯಮಗಳು ನಡೆದು ಬಂದ ದಾರಿ

1986ರಲ್ಲಿ ಸರ್ಕಾರಿ ಸ್ವಾಮ್ಯದ ನಾಲ್ಕು ವಿಮಾ ಕಂಪನಿಗಳು ಮೆಡಿಕ್ಲೇಮ್ ಎಂಬ ಆರೋಗ್ಯ ವಿಮೆ ಮಾರಲು ತೊಡಗಿದಾಗ ದೇಶದಲ್ಲಿ ಸ್ವತಂತ್ರ ವಿಮಾ ಪ್ರಾಧಿಕಾರ ಇರಲಿಲ್ಲ. ಅಂಥ ಪ್ರಾಧಿಕಾರವನ್ನು ತಂದ ಐಆರ್‌ಡಿಎ ಕಾಯ್ದೆ ಬಂದದ್ದು 1999ರಲ್ಲಿ. ಮರುವರ್ಷ ಖಾಸಗಿ ಕಂಪನಿಗಳು ಒಳಬಂದವು. ಕಂಪನಿಗಳ ಪರವಾಗಿ ಕ್ಲೇಮು, ಅಂದರೆ ವಿಮಾ ಹಣದ ಕೋರಿಕೆ ನೋಡಿಕೊಳ್ಳುವ ಟಿಪಿಎ ಸಂಸ್ಥೆಗಳಿಗೆ 2001ರಲ್ಲಿ ನಿಯಮ ಬಂತು. ಆರೋಗ್ಯ ವಿಮೆಗೆಂದೇ ಸಮಗ್ರ ನಿಯಮಾವಳಿ ಬಂದದ್ದು 2013ರಲ್ಲಿ, ಅಂದರೆ ಮಾರಾಟ ಶುರುವಾದ 27 ವರ್ಷಗಳ ಮೇಲೆ.

ಅಷ್ಟರಲ್ಲಿ ಸರ್ಕಾರಗಳೂ ಖಾಸಗಿ ಆಸ್ಪತ್ರೆಯಿಂದ ಚಿಕಿತ್ಸೆ ಕೊಳ್ಳುವ ದಾರಿ ಹಿಡಿದಿದ್ದವು. ಕರ್ನಾಟಕದಲ್ಲಿ 2003ರಲ್ಲಿ ಸಹಕಾರ ಸಂಘಗಳ ರೈತ ಸದಸ್ಯರಿಗೆ ಯಶಸ್ವಿನಿ, 2010ರಲ್ಲಿ ಕಲಬುರಗಿ ವಿಭಾಗದಿಂದ ವಾಜಪೇಯಿ ಆರೋಗ್ಯಶ್ರೀ ಶುರುವಾದವು. ನಡುವೆ 2008ರಲ್ಲಿ, ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿ ಮಿತಿಯ ಕೇಂದ್ರದ ಬಡವರ ಆರೋಗ್ಯ ವಿಮಾ ಯೋಜನೆ ಆರ್‌ಎಸ್‌ಬಿವೈ ಬಂದಿತ್ತು. 2018ರ ಆಯುಷ್ಮಾನ್ ಭಾರತ್ ಆ ಮಿತಿಯನ್ನು 5 ಲಕ್ಷಕ್ಕೆ ಏರಿಸಿತು. ಫಲಾನುಭವಿಗಳು ಹೆಚ್ಚಿದರು, ಮಿತಿ ಹೆಚ್ಚಿತು. ಆಸ್ಪತ್ರೆ ಯಾವ ಚಿಕಿತ್ಸೆಗೆ ಎಷ್ಟು ಹಾಕಬೇಕೆಂಬ ಪ್ರಶ್ನೆ ಮಾತ್ರ ಯೋಜನೆಯ ಪ್ಯಾಕೇಜ್ ಪಟ್ಟಿಯ (ಚಿಕಿತ್ಸೆವಾರು ನಿಗದಿ ದರಗಳ) ಹೊರಗೆ ಹಾಗೇ ಉಳಿಯಿತು.

ಇದರ ಏಟು ಎಲ್ಲಿ ಬೀಳುತ್ತದೆಂದು ಒಂದು ಬಿಲ್ಲಿನಲ್ಲೇ ನೋಡಬಹುದು. 3 ಲಕ್ಷದ ಪಾಲಿಸಿ, ರೂಮ್ ಬಾಡಿಗೆಯ ಮಿತಿ ಆ ಮೊತ್ತದ ಶೇ 1, ಅಂದರೆ ದಿನಕ್ಕೆ 3,000 ರೂಪಾಯಿ ಎಂದುಕೊಳ್ಳಿ. ರೋಗಿ 6,000 ರೂಪಾಯಿಯ ರೂಮಿನಲ್ಲಿ ಐದು ದಿನ ಇದ್ದರೆ ಬಾಡಿಗೆ 30,000. ಶಸ್ತ್ರಚಿಕಿತ್ಸೆ, ವೈದ್ಯರು, ನರ್ಸಿಂಗ್ ಸೇರಿ 1,50,000. ಔಷಧ, ಇಂಪ್ಲಾಂಟ್, ಪರೀಕ್ಷೆಗಳಿಗೆ 50,000. ಕೈಯಿಂದ ಹೋಗುವುದು ಬಾಡಿಗೆಯ ಹೆಚ್ಚುವರಿ 15,000 ಅಷ್ಟೇ ಎಂದು ಮನೆಯವರು ಲೆಕ್ಕ ಹಾಕಿರುತ್ತಾರೆ. ಆದರೆ ರೂಮು ದುಬಾರಿಯಾದಂತೆ ಇತರ ಶುಲ್ಕವೂ ಏರುತ್ತದೆಂಬ ಕಾರಣಕ್ಕೆ ಕಂಪನಿ ಆ 1,50,000ದಲ್ಲೂ ಅದೇ ಅನುಪಾತದಲ್ಲಿ, ಅಂದರೆ ಅರ್ಧ ಕಡಿಯುತ್ತದೆ. 2,30,000ದ ಬಿಲ್ಲಿಗೆ ಸಿಗುವುದು 1,40,000. ಉಳಿದ 90,000 ರೋಗಿಯ ತಲೆಗೆ. ಔಷಧ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಕಡಿತ ಹಾಕಬಾರದೆಂದು ವಿಮಾ ಪ್ರಾಧಿಕಾರ ಹೇಳಿದ್ದು 2020ರಲ್ಲಿ. ಪಾಲಿಸಿ ಕೊಳ್ಳುವಾಗ ಮೊದಲು ಓದಬೇಕಾದ ಸಾಲು ಈ ರೂಮ್ ಮಿತಿಯದು.

2024ರಲ್ಲಿ ಕಂಪನಿಗಳ ಮೇಲೆ ಪ್ರಾಧಿಕಾರದ ಹಿಡಿತ ನಿಜಕ್ಕೂ ಬಿಗಿಯಾಯಿತು. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಗೆ ವಿಮೆ ಸಿಗಲು ಕಾಯುವ ಅವಧಿಯ ಗರಿಷ್ಠ ಮಿತಿ 48 ತಿಂಗಳಿಂದ 36ಕ್ಕೆ ಇಳಿಯಿತು. ಸತತ ಐದು ವರ್ಷ ಪ್ರೀಮಿಯಂ ಕಟ್ಟಿದವರ ಕ್ಲೇಮನ್ನು, ವಂಚನೆ ರುಜುವಾದ ಹೊರತು, ಮಾಹಿತಿ ಮುಚ್ಚಿಟ್ಟಿದ್ದೀರಿ ಎಂದು ತಳ್ಳಿಹಾಕುವಂತಿಲ್ಲ. ಕ್ಯಾಶ್‌ಲೆಸ್ (ಕಂಪನಿಯೇ ನೇರ ಆಸ್ಪತ್ರೆಗೆ ಹಣ ಕಟ್ಟುವ) ಕೋರಿಕೆಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜ್ ವೇಳೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯಲ್ಲಿ ಉತ್ತರ ಕೊಡಬೇಕು. ತಡದಿಂದ ಬಿಲ್ಲು ಏರಿದರೆ ಹೆಚ್ಚುವರಿ ಹಣ ಕಂಪನಿಯದೇ.

ಇಷ್ಟಾದರೂ ಈ ನಿಯಮಗಳ ಕೈ ಆಸ್ಪತ್ರೆಯ ದರದ ತನಕ ಚಾಚುವುದಿಲ್ಲ. ಆ ಕೆಲಸ ರಾಜ್ಯದ್ದು. 2017ರಲ್ಲಿ ಕರ್ನಾಟಕ ತನ್ನ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ, ದರಕ್ಕೂ ಮಿತಿ ಹಾಕುವ ಬಿಗಿ ತಿದ್ದುಪಡಿ ತರಲು ಹೊರಟಿತು. ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಮಸೂದೆ ಸಡಿಲಗೊಂಡು ಅಂಗೀಕಾರವಾಯಿತು. ಆ ನವೆಂಬರ್‌ನಲ್ಲಿ ಕೈತಪ್ಪಿದ್ದು ದೊಡ್ಡ ಅವಕಾಶ ಎಂದೇ ಹೇಳಬೇಕು.

ಬಡತನ ರೇಖೆಗಿಂತ ಮೇಲಿರುವವರಿಗೆ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ ಕೊಡುತ್ತಿರುವುದು ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದು ಕುಟುಂಬಕ್ಕೆ ಗರಿಷ್ಠ 1.5 ಲಕ್ಷ. ಉಳಿದ ಶೇ 70 ಮನೆಯವರದ್ದು. 2024ರ ಅಕ್ಟೋಬರ್‌ನಿಂದ ಆಯುಷ್ಮಾನ್ ಯೋಜನೆ ಆದಾಯ ನೋಡದೆ 70 ವರ್ಷ ತುಂಬಿದ ಎಲ್ಲರಿಗೂ ವಿಸ್ತರಿಸಿತು. ಇನ್ನೂ ಹಿಗ್ಗಿಸುವ ಮೊದಲು ಆಗಬೇಕಾದ ಕೆಲಸವಿದೆ: ಎಲ್ಲ ಆಸ್ಪತ್ರೆಗಳಿಗೂ ಒಂದೇ ನಮೂನೆಯ ಬಿಲ್ಲು, ಮುಂಚಿತವಾಗಿ ಪ್ರಕಟಿಸಿದ ದರ, ಕಂಪನಿ ಮತ್ತು ಆಸ್ಪತ್ರೆ ಎರಡನ್ನೂ ಒಟ್ಟಿಗೆ ಕೂರಿಸಿ ಪ್ರಶ್ನಿಸಬಲ್ಲ ಅಧಿಕಾರ.

ಈಗ ಕ್ಲೇಮು ನಿರಾಕರಣೆಯಾದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದದ್ದು ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ವಿಮಾ ದೂರು ವಿಚಾರಿಸುವ ಅಧಿಕಾರಿಯಾದ ವಿಮಾ ಓಂಬುಡ್ಸ್‌ಮನ್‌ಗೆ ಅರ್ಜಿ, ಶುಲ್ಕವಿಲ್ಲ. ಅದೇ ಬಿಲ್ಲಿನಲ್ಲಿ ಆಸ್ಪತ್ರೆ ಹೆಚ್ಚು ಹಾಕಿದೆ ಎಂಬ ದೂರನ್ನು ಓಂಬುಡ್ಸ್‌ಮನ್ ಕೇಳುವುದಿಲ್ಲ. ಅದಕ್ಕೆ ಜಿಲ್ಲಾಧಿಕಾರಿ ನೇತೃತ್ವದ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಬೇರೆಯೇ ಅರ್ಜಿ ಬರೆಯಬೇಕು.